ಇಸ್ತ್ರಿ ಚಿಕ್ಕಮ್ಮನ ಮೊಟ್ಟೆ ಪುಸ್ತಕ

ಇಸ್ತ್ರಿ ಚಿಕ್ಕಮ್ಮನ ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇಲ್ಲ. ಅವಳು ಫೋಟೋ ತೆಗೆಯುವವಳು. ಎಂಥ ಮುದುಡಿದ ಮುಖ ಹೊತ್ತು ಒಳಗೆ ಹೋದವರೂ ಹೊರಗೆ ಬರುವಾಗ ಕೈಯಲ್ಲಿ ನೆರಿಗೆಯಿಲ್ಲದ, ಗರಿಗರಿ ಮುಖವೊಂದನ್ನು ಹಿಡಿದು ಬರುತ್ತಿದ್ದರು. ಕಣ್ಣಡಿಯ ಕಪ್ಪು, ಹಣೆಯ ಗೆರೆ, ನಿನ್ನೆ ಎದ್ದ ಮೊಡವೆ, ಹತ್ತು ವರ್ಷದ ಹಿಂದಿನ ಗಾಯ, ಯಾವುದೂ ಉಳಿಯುತ್ತಿರಲಿಲ್ಲ. ಅದಕ್ಕೇ ಬೀದಿಯವರು ಆ ಹೆಸರಿಟ್ಟರು. ಚಿಕ್ಕಮ್ಮನಿಗೆ ಬೇಜಾರೇನೂ ಇರಲಿಲ್ಲ. "ಬಟ್ಟೆ ಇಸ್ತ್ರಿ ಮಾಡೋರು ಬೀದಿಗೆ ನಾಲ್ಕು ಜನ ಸಿಗ್ತಾರೆ. ಮುಖ ಇಸ್ತ್ರಿ ಮಾಡೋಳು ನಾನೊಬ್ಳೇ" ಎಂದು ಎದೆ ತಟ್ಟಿ ಹೇಳುತ್ತಿದ್ದಳು.

ಸ್ಟುಡಿಯೋ ಅಂದರೆ ಎರಡು ಕೋಣೆ. ಮುಂದಿನದರಲ್ಲಿ ಗಾಜಿನ ಮೇಜು, ದಾರ ಕಟ್ಟಿದ ಬಾಚಣಿಗೆ, ಗೋಡೆಗೊಂದು ಕನ್ನಡಿ. ಪರದೆ ಸರಿಸಿದರೆ ಹಿಂದಿನ ಕೋಣೆ: ಎರಡು ಬಿಳಿ ಛತ್ರಿಯ ದೀಪ, ನೀಲಿ ಬಟ್ಟೆ, ಒಂದು ಕಾಲು ಗಿಡ್ಡವಾದ ಸ್ಟೂಲು. ಆ ಗಿಡ್ಡ ಕಾಲಿನ ಕೆಳಗೆ ಯಾರೂ ಬಂದು ತೆಗೆದುಕೊಂಡು ಹೋಗದ ಮದುವೆ ಫೋಟೋ ಮಡಿಸಿಟ್ಟಿತ್ತು. "ಇನ್ನೂ ಒಬ್ರಿಗೊಬ್ರು ಆಧಾರವಾಗಿದ್ದಾರೋ ಇಲ್ವೋ, ನನ್ನ ಸ್ಟೂಲಿಗಂತೂ ಆಗಿದ್ದಾರೆ" ಎಂಬುದು ಅವಳ ಮಾತು.

ಸ್ಟುಡಿಯೋ ಹಾಕಿದವರು ಅವಳ ಮಾವ. ಅವರ ಕಾಲದಲ್ಲಿ ಕಂಪ್ಯೂಟರ್ ಎಲ್ಲಿತ್ತು? ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಚುಕ್ಕಿ ಚುಕ್ಕಿಯಾಗಿ ತಿದ್ದುತ್ತಿದ್ದರು. ಸೊಸೆಯ ಕೈ ನಡುಗುವುದಿಲ್ಲ ಎಂದು ಗೊತ್ತಾದ ದಿನವೇ ಮಗನನ್ನು ಬಿಟ್ಟು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಮಗ ಖುಷಿಯಿಂದ ಬಸ್ ಓಡಿಸಲು ಹೋದ. ಈಗಲೂ ವಾರಕ್ಕೆ ನಾಲ್ಕು ದಿನ ದೂರದ ದಾರಿಯಲ್ಲೇ ಇರುತ್ತಾನೆ.

ಮಾವ ಕಲಿಸಿದ್ದು ಎರಡು. ಒಂದು, ತಿದ್ದುವುದು. ಎರಡನೆಯದು, ತಿದ್ದಿದ್ದನ್ನು ಬರೆದಿಡುವುದು. "ಒಬ್ಬರ ಮುಖದಿಂದ ಏನನ್ನಾದ್ರೂ ತೆಗೀತೀಯ ಅಂದ್ರೆ, ಏನು ತೆಗೆದೆ ಅಂತ ನಿನಗೆ ಗೊತ್ತಿರ್ಬೇಕು" ಎನ್ನುತ್ತಿದ್ದರು. ಅದಕ್ಕೊಂದು ದಪ್ಪ ಪುಸ್ತಕ. ಪ್ರತಿ ಗಿರಾಕಿಗೂ ಒಂದು ಮೊಟ್ಟೆಯಾಕಾರ, ಅದರ ಕೆಳಗೆ ಹೆಸರು, ತಾರೀಖು. ಅಳಿಸಿದ ಮಚ್ಚೆ ಎಲ್ಲಿತ್ತೋ ಮೊಟ್ಟೆಯಲ್ಲಿ ಅಲ್ಲೊಂದು ಚುಕ್ಕಿ, ಗಾಯ ಇದ್ದಲ್ಲಿ ಗೆರೆ, ನೇರ ಮಾಡಿದ ಮೂಗಿಗೆ ಬಾಣ. ಮನೆಯಲ್ಲಿ ಅದಕ್ಕೆ ಮೊಟ್ಟೆ ಪುಸ್ತಕ ಎಂದೇ ಹೆಸರು. ಬೀದಿಯ ಅರ್ಧ ಜನರ ನಿಜವಾದ ಮುಖ ಅದರಲ್ಲಿತ್ತು. ಹಾಗಾಗಿ ಅದು ಅಂಗಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಮಾವ ಹೋದ ಮೇಲೆ ಅದರ ಕಾವಲು ಅತ್ತೆಯ ಪಾಲಿಗೆ ಬಂತು.

ಅತ್ತೆ ಎಂದರೆ ಮೇಜಿನ ಪಕ್ಕ ಎತ್ತರದ ಕುರ್ಚಿಯಲ್ಲಿ ಕೂತು, ಹಾಳೆಯಲ್ಲಿ ಬಂದ ಎಂಟೆಂಟು ಫೋಟೋಗಳನ್ನು ಕತ್ತರಿಯಿಂದ ಬಿಡಿಸುವವರು. ಅವರ ಕತ್ತರಿ ಎಷ್ಟು ಹರಿತವೋ ನಾಲಿಗೆ ಅದಕ್ಕಿಂತ ಒಂದು ಕೈ ಮೇಲು. ಒಮ್ಮೆ ಅವರ ಗುರುತಿನ ಚೀಟಿಗೆ ಫೋಟೋ ತೆಗೆದು ಚಿಕ್ಕಮ್ಮ ಅಭ್ಯಾಸಬಲದಿಂದ ಮೌಸ್ ಹಿಡಿದಿದ್ದಳು. ಅತ್ತೆ ಹಿಂದಿನಿಂದ ಬಂದು ಕೈ ಹಿಡಿದರು.

"ನನ್ನ ಮುಖ ಮುಟ್ಟಿದ್ರೆ ನೋಡು. ಇದರಲ್ಲಿರೋ ಒಂದೊಂದು ಗೆರೆಗೂ ಕಾರಣ ಇದೆ."

"ಏನು ಕಾರಣ ಅತ್ತೆ?"

"ಅರ್ಧಕ್ಕೆ ನೀನೇ."

ಸ್ಟುಡಿಯೋದ ಎದುರಿಗೇ ಪರೀಕ್ಷಾ ಕೇಂದ್ರ. ಬೂದು ಬಣ್ಣದ ಎರಡಂತಸ್ತಿನ ಕಟ್ಟಡ, ತಾನೇ ತೆರೆದು ತಾನೇ ಮುಚ್ಚುವ ಗಾಜಿನ ಬಾಗಿಲು. ದಾದಿಯರು, ಚಾಲಕರು, ಲೆಕ್ಕಿಗರು, ವಿದ್ಯುತ್ ಕೆಲಸದವರು, ಎಲ್ಲ ಕಸುಬಿನವರೂ ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆಯುತ್ತಾರೆ. ಹನ್ನೊಂದು ವರ್ಷದಿಂದ ಎದುರಿಗಿದ್ದರೂ ಚಿಕ್ಕಮ್ಮ ಒಳಗೆ ಕಾಲಿಟ್ಟಿರಲಿಲ್ಲ. "ನನ್ನ ಪರೀಕ್ಷೆ ಎಲ್ಲಾ ಮದ್ವೆ ಆದ ಮೊದಲ್ನೇ ವರ್ಷನೇ ಮುಗೀತು" ಎಂದು ಅತ್ತೆಯ ಕಡೆ ನೋಡುತ್ತಿದ್ದಳು.

ಅವತ್ತು ಬೆಳಿಗ್ಗೆ ಒಂಬತ್ತೂಕಾಲು. ಚಿಕ್ಕಮ್ಮ ಛತ್ರಿ ದೀಪದ ದೂಳು ಒರೆಸುತ್ತಿದ್ದಳು. ಬಾಗಿಲು ಗೋಡೆಗೆ ಬಡಿಯುವಂತೆ ತೆರೆದು ಒಬ್ಬ ಗಟ್ಟಿಮುಟ್ಟು ಹೆಂಗಸು ಒಳಗೆ ಬಂದಳು. ಕೈಯಲ್ಲಿ ಎರಡು ಕಾರ್ಡು.

"ನನ್ನ ಮಚ್ಚೆ ಎಲ್ರೀ?"

ಅಂಗಡಿಯಲ್ಲಿ ಯಾರೂ ಇದುವರೆಗೆ ಕೇಳದ ಪ್ರಶ್ನೆ ಅದು. ಅತ್ತೆಯ ಕತ್ತರಿ ನಿಂತಿತು.

"ಯಾವ ಮಚ್ಚೆ?" ಎಂದಳು ಚಿಕ್ಕಮ್ಮ.

"ಇದು!" ಹೆಂಗಸು ತನ್ನ ಎಡಗೆನ್ನೆಗೆ ಬೆರಳು ಚುಚ್ಚಿಕೊಂಡಳು. ಅಲ್ಲಿ ಕಾಳುಮೆಣಸಿನಷ್ಟು ದೊಡ್ಡ ಮಚ್ಚೆ. "ಮತ್ತೆ ಇದು!" ಬಲಹುಬ್ಬನ್ನು ಎರಡು ಮಾಡಿದ ಗಾಯದ ಗೆರೆ. "ಎರಡು ವರ್ಷದ ಹಿಂದೆ ನಿಮ್ಮ ಹತ್ರಾನೇ ಫೋಟೋ ತೆಗೆಸ್ದೆ. ಕಾರ್ಡಲ್ಲಿ ಎರಡೂ ಇಲ್ಲ. ಆ ಕಡೆ ಕೂತಿರೋ ಮಹಾಶಯ, ಇದು ನೀವಲ್ಲ, ಹೋಗಿ ಅಂತಾನೆ. ಹತ್ತು ಗಂಟೆಗೆ ಬಾಗಿಲು ಹಾಕ್ತಾರೆ!"

ಉಸಿರು ತೆಗೆದುಕೊಂಡು ಉಳಿದದ್ದನ್ನೂ ಹೇಳಿದಳು. ಸರಕು ಅಂಗಳದಲ್ಲಿ ಅವಳಿಗೆ ಕ್ರೇನ್ ಕೆಲಸ. ಅಲ್ಲಿಯವರು ಕರೆಯುವುದು ಕ್ರೇನಕ್ಕ ಎಂದೇ. ಮೊದಲು ಏಳು ವರ್ಷ ನೆಲದಲ್ಲಿ ನಿಂತು ಕೊಕ್ಕೆಗೆ ಹಗ್ಗ ಕಟ್ಟುತ್ತಿದ್ದಳು. ಹೋದ ವರ್ಷ ತಾತ್ಕಾಲಿಕ ಪರವಾನಗಿ ಸಿಕ್ಕಿ ಮೇಲೆ ಹತ್ತಿದಳು. ಅದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಇವತ್ತಿನ ಪರೀಕ್ಷೆ ಬರೆದು ಪಾಸಾದರೆ ಪರವಾನಗಿ ಕಾಯಂ. ಬರೆಯದಿದ್ದರೆ ಮತ್ತೆ ಕೆಳಗಿಳಿದು ಕೊಕ್ಕೆಗೆ ಹಗ್ಗ. ಮುಂದಿನ ಪರೀಕ್ಷೆಯ ಹೊತ್ತಿಗೆ ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ.

"ಇನ್ನೊಂದು ಚೀಟಿ ಇಲ್ವಾ?" ಅತ್ತೆ ಕೇಳಿದರು.

"ಇದೆಯಲ್ಲ, ಕೆಲಸದ ಗುರುತಿನ ಚೀಟಿ. ಅದಕ್ಕೂ ಇದೇ ಹಾಳೆಯ ಫೋಟೋ! ಎಂಟು ಕೊಟ್ಟಿದ್ರಲ್ಲ. ಮಹಾಶಯ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ದ. ಏನಂದ ಗೊತ್ತಾ? 'ಈ ಎರಡು ಕಾರ್ಡೂ ಒಂದಕ್ಕೊಂದು ಚೆನ್ನಾಗಿ ಹೊಂದ್ತವೆ. ಹೊಂದದೆ ಇರೋದು ನೀವೊಬ್ರೇ' ಅಂದ."

ಅತ್ತೆ ನಗು ತಡೆಯಲಾಗದೆ ಕೆಮ್ಮಿದರು. ಚಿಕ್ಕಮ್ಮ ಕಾರ್ಡ್ ಹಿಡಿದು ನೋಡಿದಳು. ಕೆಲಸ ಅಚ್ಚುಕಟ್ಟಾಗಿತ್ತು. ಮಚ್ಚೆ ಇದ್ದ ಜಾಗದಲ್ಲಿ ಚರ್ಮದ ಸಣ್ಣ ರಂಧ್ರಗಳನ್ನೂ ಬಿಡದೆ ತುಂಬಿದ್ದಳು.

"ತೆಗೀಬೇಡ ಅಂತ ನೀನು ಹೇಳಿರ್ಲಿಲ್ಲವಲ್ಲ" ಎಂದಳು.

"ತೆಗೀರಿ ಅಂತಾನೂ ಹೇಳಿರ್ಲಿಲ್ಲ! ಆಗ ನೋಡಿ ಖುಷಿಯಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಈ ಹುಬ್ಬಿನ ಗಾಯ ಹಗ್ಗ ಹರಿದು ಕೊಕ್ಕೆ ಬಡಿದಾಗ ಆಗಿದ್ದು. ಅಂಗಳದಲ್ಲಿ ಇದನ್ನ ನೋಡಿ ನನ್ನ ಮಾತು ಕೇಳ್ತಾರೆ."

ಇನ್ನೊಬ್ಬರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಚಿಕ್ಕಮ್ಮನಿಗೆ ಆ ಅಭ್ಯಾಸವೇ ಇಲ್ಲ. ಅವಳ ತಲೆ ಫೋಟೋದವರ ತಲೆ. ಎರಡು ಮುಖ ಹೊಂದದಿದ್ದರೆ ಒಂದನ್ನು ತಿದ್ದಬೇಕು, ಅಷ್ಟೇ.

"ಕಾರ್ಡ್ ತಿದ್ದೋಕಾಗಲ್ಲ. ಮುಖ ತಿದ್ದಬಹುದಲ್ಲ! ಕೂತ್ಕೊ."

ಸ್ಟೂಲಿನ ಮೇಲೆ ಅವಳನ್ನು ಕೂರಿಸಿ ಬಣ್ಣದ ಡಬ್ಬಿ ತೆರೆದಳು. ಮಚ್ಚೆಯ ಮೇಲೆ ಮೂರು ಪದರ, ಗಾಯದ ಮೇಲೆ ಎರಡು, ಹುಬ್ಬಿನ ಸೀಳಿಗೆ ಕಪ್ಪು ಪೆನ್ಸಿಲ್. ಏಳು ನಿಮಿಷದಲ್ಲಿ ಕ್ರೇನಕ್ಕ ತನ್ನ ಕಾರ್ಡಿನ ತದ್ರೂಪವಾಗಿ ಎದ್ದು ನಿಂತಳು. ಕನ್ನಡಿ ನೋಡಿಕೊಂಡು, "ಅಯ್ಯೋ, ನಾನೇ ನಂಗೆ ಗುರುತು ಸಿಗ್ತಿಲ್ಲ" ಎಂದಳು.

"ಗುರುತು ಸಿಗ್ಬೇಕಾದ್ದು ನಿಂಗಲ್ಲ, ಅವನಿಗೆ. ನಡಿ!"

ಇಬ್ಬರೂ ರಸ್ತೆ ದಾಟಿದರು. ಕೇಂದ್ರದೊಳಗೆ ತಣ್ಣಗಿನ ಮೌನ. ಒಂದು ಗೋಡೆಗೆ ಬೀಗದ ಕಪಾಟುಗಳು, ಇನ್ನೊಂದಕ್ಕೆ ಆಳೆತ್ತರದ ಪಟ್ಟಿ: ಯಾವ ಗುರುತಿನ ಚೀಟಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ. ಮೂಲಪ್ರತಿಯೇ ಆಗಬೇಕು. ಅವಧಿ ಮುಗಿದಿರಬಾರದು. ಫೋಟೋ, ಸಹಿ ಎರಡೂ ಇರಬೇಕು. ನಕಲು ಪ್ರತಿ, ಫೋನಿನಲ್ಲಿ ತೋರಿಸುವ ಚಿತ್ರ ನಡೆಯುವುದಿಲ್ಲ. ಪಟ್ಟಿಯ ಕೆಳಗಿನ ಮೇಜಿನಲ್ಲಿ ತಪಾಸಣೆಯ ಮಹಾಶಯ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವ ಜಾತಿ. ಕುತ್ತಿಗೆಗೆ ನೇತುಹಾಕಿದ ಗುರುತುಪಟ್ಟಿಯಲ್ಲಿ ಅವನ ಫೋಟೋ. ಅದನ್ನು ಕಂಡು ಚಿಕ್ಕಮ್ಮ ತುಟಿ ಕಚ್ಚಿಕೊಂಡಳು.

ಮಹಾಶಯ ಕಾರ್ಡ್ ನೋಡಿದ, ಮುಖ ನೋಡಿದ, ಮತ್ತೆ ಕಾರ್ಡ್ ನೋಡಿದ. ಮೇಜಿನ ಕೆಳಗಿಂದ ಒಂದು ಒದ್ದೆ ಕಾಗದ ತೆಗೆದು ಮುಂದೆ ಚಾಚಿದ.

"ಮುಖ ಒರೆಸ್ಕೊಳ್ಳಿ. ಹನ್ನೊಂದನೇ ನಿಯಮ. ಬಣ್ಣ, ಮುಖವಾಡ, ಕಪ್ಪು ಕನ್ನಡಕ ಯಾವುದೂ ಇರಬಾರ್ದು."

ಒಂದು ಸಲ ಒರೆಸಿದ್ದಕ್ಕೆ ಮಚ್ಚೆ ಇಣುಕಿತು. ಎರಡನೇ ಸಲಕ್ಕೆ ಹುಬ್ಬು ಸೀಳಿತು. ಮಹಾಶಯನ ಹುಬ್ಬುಗಳು ಮೇಲೆ ಹೋದವು.

"ಇಪ್ಪತ್ತು ನಿಮಿಷದ ಹಿಂದೆ ಬರೀ ಅನುಮಾನ ಇತ್ತು. ಈಗ ವೇಷ ಹಾಕ್ಕೊಂಡು ಬಂದಿದ್ದೀರಿ. ಇದನ್ನ ನಾನು ಬರೀಬೇಕಾಗುತ್ತೆ."

ಕ್ರೇನಕ್ಕನ ಮುಖದ ಬಣ್ಣ ಒರೆಸದೆಯೇ ಇಳಿಯಿತು. ಒಂಬತ್ತು ಮೂವತ್ತೇಳು. ಅವಳು ಚಿಕ್ಕಮ್ಮನ ಕಡೆ ತಿರುಗಿದಳು. ಬೈದಿದ್ದರೆ ಚಿಕ್ಕಮ್ಮ ತಿರುಗಿ ಬೈಯುತ್ತಿದ್ದಳು; ಕ್ರೇನಕ್ಕ ಬಣ್ಣ ಮೆತ್ತಿದ ಒದ್ದೆ ಕಾಗದವನ್ನು ಅವಳ ಕೈಗಿಟ್ಟಳು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಅವಳಿಗೆ, ತಾನು ಒಬ್ಬಳ ಮುಖದಿಂದ ಕೇಳದೆ ಏನನ್ನೋ ತೆಗೆದುಕೊಂಡಿದ್ದೇನೆ ಅನ್ನಿಸಿತು. ತೆಗೆದದ್ದು ಎಲ್ಲಿದೆ ಎಂಬುದೂ ಅದೇ ಗಳಿಗೆಯಲ್ಲಿ ಹೊಳೆಯಿತು.

"ಬರೀರಿ ಸ್ವಾಮಿ, ಬರೀರಿ. ವೇಷ ಹಾಕಿದ್ದು ನಾನು ಅಂತಾನೇ ಬರೀರಿ. ಆದ್ರೆ ಬರೆದು ಮುಗಿಸೋ ಮೊದ್ಲು ನಿಮ್ಮ ದೊಡ್ಡ ಮೇಡಂನ ಕರೀರಿ. ಅನುಮಾನ ಬಂದ್ರೆ ತೀರ್ಮಾನ ಮಾಡೋದು ಮೇಲ್ವಿಚಾರಕರು ಅಂತ ನಿಮ್ಮ ಗೋಡೆ ಮೇಲೇ ಇದೆ, ಹದಿನಾಲ್ಕನೇ ಸಾಲು. ನೀನು ಇಲ್ಲೇ ಇರು ಕ್ರೇನಕ್ಕ, ಬಂದೆ!"

ಅವಳು ರಸ್ತೆ ದಾಟಿದ ವೇಗಕ್ಕೆ ಒಂದು ಸೈಕಲ್ ತಾನಾಗಿ ಪಕ್ಕಕ್ಕೆ ಸರಿಯಿತು. ಅಂಗಡಿಗೆ ನುಗ್ಗಿ, "ಅತ್ತೆ, ಮೊಟ್ಟೆ ಪುಸ್ತಕ ಕೊಡಿ" ಎಂದಳು.

ಅತ್ತೆ ಪುಸ್ತಕದ ಮೇಲೆ ಕೈಯಿಟ್ಟರು. "ಇದು ಹೊಸ್ತಿಲು ದಾಟಲ್ಲ. ನಿನ್ನ ಮಾವನಿಗೆ ಮಾತು ಕೊಟ್ಟಿದ್ದೀನಿ."

"ಏನು ತೆಗೆದೆ ಅಂತ ಗೊತ್ತಿರ್ಬೇಕು ಅಂದಿದ್ದೂ ಮಾವನೇ ಅಲ್ವಾ? ತೆಗೆದದ್ದನ್ನ ವಾಪಸ್ ಕೇಳೋಕೆ ಇವತ್ತು ಒಬ್ಳು ಬಂದಿದ್ದಾಳೆ. ಕೊಡ್ಬೇಡ ಅಂತಿದ್ರಾ ಅವ್ರು?"

"ಇದ್ರಲ್ಲಿ ಊರಿನ ಮುಖ ಎಲ್ಲಾ ಇದೆಯಲ್ಲೇ. ಒಂದು ಪುಟಕ್ಕೆ ಹನ್ನೆರಡು ಮೊಟ್ಟೆ. ಇವಳದ್ದು ತೋರ್ಸೋಕೆ ಹೋಗಿ ಹನ್ನೊಂದು ಜನರ ಮಾನ ಬೀದಿಗೆ ಹಾಕ್ತೀಯಾ?"

ಮಾತು ಸರಿಯೇ. ಚಿಕ್ಕಮ್ಮ ಪುಟ ತಿರುವಿದಳು. ಎರಡು ವರ್ಷದ ಹಿಂದಿನ ತಾರೀಖು, ಕ್ರೇನಕ್ಕನ ಮೊಟ್ಟೆ ಎರಡನೇ ಸಾಲಿನಲ್ಲಿ. ಅದರ ಪಕ್ಕದ ಮೊಟ್ಟೆಯ ಕೆಳಗಿನ ಹೆಸರು ಅತ್ತೆಗೂ ಕಂಡಿತು. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಇವನೇನಾ ಅಲ್ಲಿ ಕೂತಿರೋದು?" ಅತ್ತೆ ಕೇಳಿದರು.

"ಅವನೇ. ನೆತ್ತಿ ಮೇಲೆ ನಾನು ನೆಟ್ಟ ಕೂದಲು ಇನ್ನೂ ಕುತ್ತಿಗೆಲಿ ನೇತಾಡ್ತಿದೆ."

"ಬಾಯಿ ಬಿಟ್ಟೀಯ ಜೋಕೆ."

"ಬಿಡಲ್ಲ ಅತ್ತೆ. ಅದು ಅವನ ಮೊಟ್ಟೆ."

ಅತ್ತೆ ಒಂದು ಕ್ಷಣ ಸೊಸೆಯನ್ನು ನೋಡಿದರು. ಆಮೇಲೆ ಫೋಟೋ ಕಟ್ಟಿ ಕೊಡುವ ದಪ್ಪ ರಟ್ಟೊಂದನ್ನು ಎಳೆದುಕೊಂಡು, ಅಳತೆ ನೋಡದೆ, ಕತ್ತರಿಯಿಂದ ನಡುವೆ ಒಂದೇ ಒಂದು ಕಿಟಕಿ ಕೊರೆದರು. ಪುಟದ ಮೇಲಿಟ್ಟರೆ ಹನ್ನೊಂದು ಮೊಟ್ಟೆ ಮುಚ್ಚಿಹೋಗಿ ಒಂದೇ ಉಳಿಯಿತು. ನಾಲ್ಕು ಮೂಲೆಗೂ ಕ್ಲಿಪ್ ಹಾಕಿ ಪುಸ್ತಕವನ್ನು ಎದೆಗವಚಿಕೊಂಡು ಎದ್ದರು.

"ಪುಸ್ತಕ ಹೋಗ್ಬೇಕಾದ್ರೆ ನನ್ನ ಜೊತೇನೇ ಹೋಗ್ಬೇಕು. ಕೈ ಹಿಡ್ಕೊ, ರಸ್ತೆ ದಾಟ್ಸು."

ಇವರು ಹೋಗುವಷ್ಟರಲ್ಲಿ ದೊಡ್ಡ ಮೇಡಂ ಬಂದು ನಿಂತಿದ್ದರು. ನೆಟ್ಟಗೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುವ ಹೆಂಗಸು. ಒಂಬತ್ತು ನಲವತ್ತಾರು.

"ಸ್ಟುಡಿಯೋದ ಪುಸ್ತಕ ಗುರುತಿನ ಚೀಟಿ ಅಲ್ಲ ಮೇಡಂ" ಎಂದ ಮಹಾಶಯ ಮೊದಲೇ.

"ಅಲ್ಲವೇ ಅಲ್ಲ. ಚೀಟಿ ಇವಳ ಹತ್ರ ಇದೆ, ಅಸಲಿ, ಅವಧಿನೂ ಇದೆ. ಇದು ಆ ಚೀಟಿಯಿಂದ ನಾನು ಕಿತ್ತಿದ್ದರ ಪಟ್ಟಿ" ಎಂದಳು ಚಿಕ್ಕಮ್ಮ. "ಚೀಟಿಲಿರೋದಕ್ಕೆ ಈ ಮೊಟ್ಟೆಲಿರೋದನ್ನ ಕೂಡಿಸಿ ನೋಡಿ ಮೇಡಂ. ಈ ಮುಖಾನೇ ಬರುತ್ತೆ. ಬರ್ಲಿಲ್ಲ ಅಂದ್ರೆ ನನ್ನ ಅಂಗಡಿಗೆ ನೀವೇ ಬೀಗ ಹಾಕಿ."

ದೊಡ್ಡ ಮೇಡಂ ಕಿಟಕಿಯೊಳಗಿನ ಮೊಟ್ಟೆಯ ಮೇಲೆ ಬೆರಳಿಟ್ಟರು. ಎಡಗೆನ್ನೆ, ಕಣ್ಣಿನಿಂದ ಎರಡು ಬೆರಳು ಕೆಳಗೆ, ಚುಕ್ಕಿ. ಮುಖದಲ್ಲಿ ಅಲ್ಲೇ ಮಚ್ಚೆ. ಬಲಹುಬ್ಬಿನ ತುದಿಗೆ ಹತ್ತಿರ ಓರೆ ಗೆರೆ. ಇದೆ. ಮೂಗಿಗೆ ಎಡಕ್ಕೆ ಬಾಣ. ಕ್ರೇನಕ್ಕನ ಮೂಗು ಎಡಕ್ಕೇ ವಾಲಿತ್ತು. ಇದುವರೆಗೆ ಯಾರೂ ಅದನ್ನು ಗಮನಿಸಿರಲಿಲ್ಲ. ಗಲ್ಲದ ಕೆಳಗೊಂದು ಸಣ್ಣ ಕೊಕ್ಕೆ ಗುರುತು.

"ಇದೇನು?"

"ಗಲ್ಲ ಎತ್ತು" ಎಂದಳು ಚಿಕ್ಕಮ್ಮ. ಕ್ರೇನಕ್ಕ ಗಲ್ಲ ಎತ್ತಿದಳು. ಅಡಿಯಲ್ಲಿ ಉಗುರಿನಷ್ಟು ಹಳೆಯ ಹೊಲಿಗೆ ಗುರುತು.

"ಇದು ನಂಗೇ ಮರ್ತುಹೋಗಿತ್ತು" ಎಂದಳು ಕ್ರೇನಕ್ಕ ಮೆಲ್ಲಗೆ.

"ಮತ್ತೆ ಕಿವಿ ನೋಡಿ ಮೇಡಂ. ಕಿವಿಗೆ ನಾನು ಯಾವತ್ತೂ ಕೈ ಹಾಕಲ್ಲ. ಕಿವಿ ಚೆನ್ನಾಗಿಲ್ಲ ಅಂತ ಯಾವ ಗಿರಾಕಿನೂ ಅತ್ತಿಲ್ಲ."

ದೊಡ್ಡ ಮೇಡಂ ಕಾರ್ಡನ್ನು ಕ್ರೇನಕ್ಕನ ಕಿವಿಯ ಪಕ್ಕ ಹಿಡಿದು ಎಡ ನೋಡಿದರು, ಬಲ ನೋಡಿದರು. ಖಾಲಿ ಹಾಳೆಯಲ್ಲಿ ಮೂರು ಸಹಿ ಹಾಕಿಸಿ ಕಾರ್ಡಿನ ಸಹಿಗೆ ಹೋಲಿಸಿದರು. ಮಹಾಶಯ ಕತ್ತು ಉದ್ದ ಮಾಡಿ ಪುಸ್ತಕದ ಕಡೆ ಬಗ್ಗಿದ.

"ಈ ರಟ್ಟಿನ ಕೆಳಗೆ ಪಕ್ಕದಲ್ಲಿ ಏನಿದೆ?"

"ನಿಮಗೆ ಬೇಡದ್ದು" ಎಂದರು ಅತ್ತೆ.

ಅವನು ಚಿಕ್ಕಮ್ಮನ ಮುಖ ನೋಡಿದ, ಪುಟದ ಮೇಲಿನ ತಾರೀಖು ನೋಡಿದ. ಅವನ ಕೈ ತಾನಾಗಿ ನೆತ್ತಿಗೆ ಹೋಯಿತು. ಚಿಕ್ಕಮ್ಮ ಗಡಿಯಾರದ ಕಡೆ ನೋಡುತ್ತಾ ನಿಂತಳು, ಅವಳಿಗೇನೂ ಕಂಡೇ ಇಲ್ಲ ಎಂಬ ಹಾಗೆ.

"ಸಂದೇಹದ ನಮೂನೆ ತುಂಬೋಣ" ಎಂದರು ದೊಡ್ಡ ಮೇಡಂ. "ಫೋಟೋ ತಿದ್ದಿದವರು ಹೇಳಿಕೆ ಬರೀಬೇಕು. ನಿಮ್ಮ ಗುರುತಿನ ಚೀಟಿ ಕೊಡಿ."

ಚಿಕ್ಕಮ್ಮ ಜಂಬದಿಂದ ಚೀಟಿ ತೆಗೆದುಕೊಟ್ಟಳು. ಕೊಟ್ಟ ಮೇಲೆ ನೆನಪಾಗಿ ವಾಪಸ್ ಪಡೆಯಲು ಕೈ ಚಾಚಿದಳು, ತಡವಾಗಿತ್ತು. ದೊಡ್ಡ ಮೇಡಂ ಚೀಟಿ ನೋಡಿದರು, ಅವಳನ್ನು ನೋಡಿದರು. ಚೀಟಿಯಲ್ಲಿದ್ದವಳಿಗೆ ಮೂವತ್ತು ದಾಟಿರಲಿಲ್ಲ, ಎದುರಿಗಿದ್ದವಳಿಗೆ ನಲವತ್ತಾರು.

"ಇದಕ್ಕೂ ಇಸ್ತ್ರಿ ಹಾಕಿದ್ದೀರಾ?"

"ಸ್ವಲ್ಪ."

"ಸ್ವಲ್ಪ ಅಂತೆ!" ಅತ್ತೆ ಮುಂದೆ ಬಂದರು. "ಅವಳ ಹೇಳಿಕೆಗೆ ಸಾಕ್ಷಿ ನಾನು ಹಾಕ್ತೀನಿ. ಪುಸ್ತಕದ ಕಾವಲು ನಂದೇ. ತಗೊಳ್ಳಿ ನನ್ನ ಚೀಟಿ."

ಮಹಾಶಯ ಚೀಟಿ ಹಿಡಿದು ನೋಡಿದ. ಹಣೆಯ ಆರು ಗೆರೆ, ಚೀಟಿಯಲ್ಲಿ ಆರು. ಕಣ್ಣಂಚಿನ ಸುಕ್ಕು, ಬಾಯಂಚಿನ ಮಡಿಕೆ, ಸಿಡುಕು, ಎಲ್ಲವೂ ಇದ್ದ ಹಾಗೇ. ಅವನು ಆ ಬೆಳಿಗ್ಗೆ ಮೊದಲ ಬಾರಿ ನೆಮ್ಮದಿಯ ಉಸಿರು ಬಿಟ್ಟ.

"ಹೊಂದುತ್ತೆ" ಎಂದ.

"ಹೊಂದದೆ ಏನು? ಗೆರೆ ಎಲ್ಲಾ ಸ್ವಂತ ಸಂಪಾದನೆ" ಎಂದರು ಅತ್ತೆ, ಸಹಿ ಹಾಕುತ್ತಾ.

ಕೇಂದ್ರದ ಕ್ಯಾಮೆರಾದಲ್ಲಿ ಕ್ರೇನಕ್ಕನ ಒಂದು ಫೋಟೋ ತೆಗೆದರು, ಮಚ್ಚೆ ಗಾಯ ಸಮೇತ. ದೊಡ್ಡ ಮೇಡಂ ಷರತ್ತು ಹೇಳಿದರು: ಇವತ್ತು ಬರೆಯಬಹುದು. ಆದರೆ ಹತ್ತು ದಿನದೊಳಗೆ ಇದ್ದ ಹಾಗೇ ಇರುವ ಫೋಟೋ ಹಾಕಿದ ಹೊಸ ಗುರುತಿನ ಚೀಟಿ ತಂದು ತೋರಿಸಬೇಕು. ಅಲ್ಲಿಯವರೆಗೆ ಫಲಿತಾಂಶ ಕೊಡುವುದಿಲ್ಲ. ತರದಿದ್ದರೆ ಪರೀಕ್ಷೆ ಬರೆದೇ ಇಲ್ಲ ಎಂದು ಲೆಕ್ಕ.

ಒಂಬತ್ತು ಐವತ್ತೆಂಟಕ್ಕೆ ಕ್ರೇನಕ್ಕ ಫೋನು, ಗಡಿಯಾರ ಎಲ್ಲವನ್ನೂ ಕಪಾಟಿಗೆ ಹಾಕಿ ಬೀಗ ತಿರುಗಿಸಿದಳು. ಒಳಬಾಗಿಲಲ್ಲಿ ತಿರುಗಿ ನಿಂತು, "ಮೂಗು ವಾಲಿದೆ ಅಂತ ಎಲ್ಲರಿಗೂ ತೋರಿಸ್ದೆ ಇದ್ರೆ ಆಗ್ತಿರ್ಲಿಲ್ವಾ?" ಎಂದು ನಕ್ಕು ಒಳಗೆ ಹೋದಳು.

ಮರುದಿನ ಬೆಳಿಗ್ಗೆಯೇ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಫೋಟೋ ತೆಗೆಯಲು ಒಂದು ನಿಮಿಷ ಹಿಡಿಯಿತು. ಆಮೇಲಿನದೇ ಕಷ್ಟ. ಕಂಪ್ಯೂಟರ್ ಪರದೆಯ ಮೇಲೆ ಅಷ್ಟು ದೊಡ್ಡ ಮುಖ, ಕೆನ್ನೆಯಲ್ಲಿ ಮಚ್ಚೆ, ಚಿಕ್ಕಮ್ಮನ ಅಂಗೈಯಲ್ಲಿ ನವೆ. ಮೌಸಿನ ಬಾಣ ತಾನಾಗಿ ಹುಬ್ಬಿನ ಹತ್ತಿರ ಹೋಗುತ್ತಿತ್ತು, ಅವಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಕೊನೆಗೆ ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತು ನೋಡಿದಳು. ನೋಡುತ್ತಾ ನೋಡುತ್ತಾ, ಆ ಸೀಳು ಹುಬ್ಬಿಲ್ಲದೆ ಈ ಮುಖಕ್ಕೆ ಅರ್ಥವೇ ಇಲ್ಲ ಅನ್ನಿಸತೊಡಗಿತು. ಹಾಗೇ ಅಚ್ಚು ಹಾಕಿದಳು.

"ಇಷ್ಟು ಹೊತ್ತು ಒಳಗೆ ಏನು ಮಾಡ್ದೆ?" ಹಾಳೆ ಕತ್ತರಿಸುತ್ತಾ ಅತ್ತೆ ಕೇಳಿದರು.

"ಏನೂ ಮಾಡ್ಲಿಲ್ಲ. ಅದಕ್ಕೇ ಇಷ್ಟು ಹೊತ್ತು."

ಪುಸ್ತಕದಲ್ಲಿ ಹೊಸ ಮೊಟ್ಟೆ ಬರೆದು, ಹೆಸರು, ತಾರೀಖು ಹಾಕಿ, ಒಳಗೆ ಏನೂ ಗುರುತು ಮಾಡದೆ ಬಿಟ್ಟಳು. ಮಾವನ ಕಾಲದಿಂದ ಗಿರಾಕಿಗೆ ಬರೆದ ಮೊದಲನೆಯ ಖಾಲಿ ಮೊಟ್ಟೆ ಅದೇ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿ, "ಹೂಂ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿಲ್ಲ.

ಒಂಬತ್ತನೇ ದಿನ ಕ್ರೇನಕ್ಕ ಹೊಸ ಚೀಟಿ ಹಿಡಿದು ಎದುರಿನ ಗಾಜಿನ ಬಾಗಿಲೊಳಗೆ ಹೋದಳು. ಚಿಕ್ಕಮ್ಮ ಅಂಗಡಿಯ ಬಾಗಿಲಲ್ಲಿ, ಅತ್ತೆ ಕುರ್ಚಿಯಲ್ಲಿ, ಇಬ್ಬರ ಕಣ್ಣೂ ಅತ್ತಲೇ. ಐದು ನಿಮಿಷ ಕಳೆದು ಬಾಗಿಲು ತೆರೆಯಿತು. ಕ್ರೇನಕ್ಕ ಕೈಯಲ್ಲೊಂದು ಕಾಗದ ಎತ್ತಿ ಹಿಡಿದು, ರಸ್ತೆಯ ಆಚೆಯಿಂದಲೇ ಕೂಗಿದಳು:

"ನೂರಕ್ಕೆ ಎಂಬತ್ತೊಂಬತ್ತು! ಕೊಕ್ಕೆಗೆ ಹಗ್ಗ ಬೇರೆ ಯಾರಾದ್ರೂ ಕಟ್ಕೊಳ್ಳಲಿ!"

ಅವಳ ಹಿಂದೆಯೇ ಮಹಾಶಯನೂ ಹೊರಗೆ ಬಂದ. ಕತ್ತಿನ ಗುರುತುಪಟ್ಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ರಸ್ತೆ ದಾಟಿ, ಯಾರ ಮುಖವನ್ನೂ ನೋಡದೆ ನೆಟ್ಟಗೆ ಹಿಂದಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತ.

"ಹೊಸದೊಂದು ತೆಗೀರಿ" ಎಂದ. "ಹೇಗಿದ್ದೀನೋ ಹಾಗೇ."

ಚಿಕ್ಕಮ್ಮ ದೀಪ ಹಾಕಿದಳು. ಅವನ ನೆತ್ತಿ ಚೆನ್ನಾಗಿ ಹೊಳೆಯಿತು. ಅವನು ನೆತ್ತಿ ಸವರಿಕೊಂಡು, "ಅಂದ್ರೆ... ಮುಂದ್ಗಡೆ ಒಂಚೂರು ಮಾತ್ರ..." ಎಂದು ಶುರು ಮಾಡಿದ.

"ಇಲ್ಲ!" ಎಂದಳು ಚಿಕ್ಕಮ್ಮ ಕ್ಯಾಮೆರಾದ ಹಿಂದಿನಿಂದ.

"ಇಲ್ಲ!" ಎಂದರು ಅತ್ತೆ ಪರದೆಯ ಆಚೆಯಿಂದ, ಕತ್ತರಿ ಆಡಿಸುತ್ತಾ.